ಊರ ಕೆರೆಯೂ ಊರ ಆಡಳಿತವೂ

ಬಯಲುಸೀಮೆಯ ಗ್ರಾಮಗಳಲ್ಲಿ ಊರಿನ ಆಡಳಿತವು ಯಾವ ಸ್ಥಿತಿಯಲ್ಲಿರುವುದೆಂಬುದನ್ನು ತಿಳಿಯಬೇಕಾದರೆ ಮೊದಲು ಆ ಊರಿನ ಕೆರೆಯ ಏರಿಯನ್ನು ನೋಡತಕ್ಕದ್ದು. ಏರಿಯ ಮೇಲಣ ಕೊರಕಲುಗಳು ಕಾಲಕಾಲಕ್ಕೆ ಮುಚ್ಚಲ್ಪಟ್ಟು, ತೂಬು ಸುಸ್ಥಿತಿಯಲ್ಲಿದ್ದು, ಕೋಡಿಯ ಕಲ್ಲು ಕದಲದೆ, ಕೆರೆಗೆ ನೀರು ತರುವ ಕಾಲುವೆಯಲ್ಲಿ ಮುಳ್ಳುಕಂಟಿ ಬೆಳೆಯದೆ ಇದ್ದಲ್ಲಿ, ಆ ಊರಿನಲ್ಲಿ ಹತ್ತು ಜನ ಒಂದೆಡೆ ಕುಳಿತು ಒಂದು ಮಾತಿಗೆ ಬರುವ ಶಕ್ತಿ ಇನ್ನೂ ಉಳಿದಿದೆಯೆಂದು ಹೇಳಬಹುದು. ಇದಕ್ಕೆ ವ್ಯತಿರಿಕ್ತವಾಗಿದ್ದಲ್ಲಿ, ಊರಿನಲ್ಲಿ ಎಷ್ಟೇ ಕಟ್ಟಡಗಳೂ ಎಷ್ಟೇ ಅಧಿಕಾರಸ್ಥಾನಗಳೂ ಇದ್ದಾಗ್ಯೂ ಆಡಳಿತವು ಹೆಸರಿಗೆ ಮಾತ್ರ ಇದೆಯೆಂದು ತಿಳಿಯಬೇಕಾಗುತ್ತದೆ. ಆದಕಾರಣ ಗ್ರಾಮಾಡಳಿತವು ಹಿಂದೆ ಹೇಗಿತ್ತು, ಹೇಗೆ ಮಾರ್ಪಟ್ಟಿತು, ಈಗ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮಾಡತಕ್ಕದ್ದೇನು ಎಂಬ ವಿಷಯವನ್ನು ಕೆರೆಯ ನಿದರ್ಶನದಿಂದಲೇ ಈ ಪಾಠದಲ್ಲಿ ವಿವರಿಸಲಾಗಿದೆ.

ಹಿಂದಣ ಏರ್ಪಾಡು

ಕೆರೆಯನ್ನು ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂದು ನಮ್ಮ ಪೂರ್ವಿಕರು ಎಣಿಸಿದ್ದರು. ವಿಜಯನಗರದ ರಾಜಕುಮಾರನಾದ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ನೆಯ ಇಸವಿಯ ಶಾಸನದಲ್ಲಿ, ಉತ್ತಮವಾದ ಕೆರೆಗೆ ಬೇಕಾದ 12 ಅಂಗಗಳೂ ಕೆರೆಗೆ ಬರಬಹುದಾದ 6 ದೋಷಗಳೂ ಎಣಿಸಲ್ಪಟ್ಟಿವೆ; 1,000 ಕೂಲಿಯಾಳುಗಳು ಪ್ರತಿದಿನವೂ ದುಡಿದು, 100 ಬಂಡಿಗಳು ಕಲ್ಲು ಹೇರಿ, 2 ವರ್ಷಗಳಲ್ಲಿ ಆ ಕೆರೆ ಮುಗಿಯಿತೆಂದೂ ಅದರಲ್ಲಿ ಹೇಳಿದೆ. ಕನ್ನಡನಾಡಿನ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳೂ ಇದೇ ಸಂಬಂಧವಾದುವು. ಕೆರೆಯನ್ನು ಕಟ್ಟಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿಸಿದವನಿಗೆ, ಅದರ ಕೆಳಗಿನ ಭೂಮಿಯಲ್ಲಿಯೋ ಹುಟ್ಟುವಳಿಯಲ್ಲಿಯೋ ಒಂದು ಪಾಲನ್ನು ಬಿಟ್ಟುಕೊಡುವ ಏರ್ಪಾಡುಗಳಿವು. ಅಂದರೆ ಕೆರೆಯನ್ನು ಕಟ್ಟಿದರೆ ಸಾಲದು, ಅದನ್ನು ಕಾಯುವ ವೆಚ್ಚಕ್ಕೂ ಅದರಿಂದಲೇ ಮಾರ್ಗ ಇರಬೇಕೆಂಬ ಅರಿವು ಆ ಕಾಲದವರಿಗೆ ಇದ್ದಿತು.

ಗ್ರಾಮದಲ್ಲಿ ಈ ಕೆಲಸವನ್ನು ನಡೆಯಿಸುತ್ತಿದ್ದುದು ಆಯಗಾರರ ಪದ್ಧತಿ. ಗೌಡ ಅಥವಾ ಪಟೇಲನು ಊರಿನ ಮುಖ್ಯಸ್ಥನು, ಶ್ಯಾನುಭೋಗನು ಲೆಕ್ಕವನ್ನಿಡುವವನು, ತಳವಾರ, ತೋಟಿ ಎಂಬವರು ಕಾವಲಿಗೂ ಎಲ್ಲೆಕಟ್ಟಿನ ವಿಚಾರಕ್ಕೂ ಇದ್ದವರು, ನೀರುಗಂಟಿಯು ಕೆರೆಯ ನೀರನ್ನು ಹಂಚುವವನು. ಬಡಗಿ, ಕಮ್ಮಾರ, ಕುಂಬಾರ, ಅಗಸ ಮೊದಲಾದವರೂ ಈ ಆಯಕ್ಕೆ ಸೇರಿದವರೇ. ಇವರಿಗೆಲ್ಲ ಕಣದಲ್ಲಿ ರಾಶಿಯಾದಾಗ ಇಂತಿಷ್ಟು ಧಾನ್ಯವೆಂದು ಗೊತ್ತಾಗಿತ್ತು. ಕೆಲವರಿಗೆ ಇನಾಮು ಭೂಮಿಯೂ ಇದ್ದಿತು.

ಇವರಲ್ಲಿ ನೀರುಗಂಟಿಯ ಕೆಲಸವನ್ನು ವಿಶೇಷವಾಗಿ ಗಮನಿಸಬೇಕು. ತೂಬನ್ನು ಎಂದು ಎತ್ತಬೇಕು, ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂಬುದನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದನು. ಗದ್ದೆಯವರು ತಾವೇ ಮಡೆಯನ್ನು ತಿರುಗಿಸಿಕೊಳ್ಳುವುದು ತಪ್ಪೆಂದು ಭಾವಿಸಲ್ಪಡುತ್ತಿತ್ತು. ಅಚ್ಚುಕಟ್ಟಿನಲ್ಲಿ ಬೆಳೆದ ಎಲ್ಲ ಗದ್ದೆಗಳಿಂದಲೂ ಅವನಿಗೆ ಆಯ ಬರುತ್ತಿದ್ದುದರಿಂದ, ತೂಬಿನ ಬಳಿಯ ಗದ್ದೆಯಂತೆಯೇ ಕೊನೆಯ ಗದ್ದೆಯೂ ಬೆಳೆಯುವುದು ಅವನಿಗೆ ಲಾಭಕರವಾಗಿತ್ತು. ಕೆರೆ ತುಂಬದ ವರ್ಷಗಳಲ್ಲಿ ಊರವರು ಕೂಡಿ, ಇರುವ ನೀರಿಗೆ ತಕ್ಕಷ್ಟು ಭೂಮಿಯನ್ನು ತೂಬಿನ ಸಮೀಪದಲ್ಲಿಯೇ ಗೊತ್ತುಮಾಡಿ, ಅದನ್ನು ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಪ್ರಮಾಣಕ್ಕೆ ಸರಿಯಾಗಿ ಹಂಚಿ, ಉಳಿದುದನ್ನು ಬೀಳು ಬಿಡುವ ಪದ್ಧತಿಯೂ ಕೆಲವು ಕಡೆಗಳಲ್ಲಿ ಇದ್ದಿತು. ಇದರಿಂದ ತಲೆಗದ್ದೆಯವನು ಪೂರಾ ಬೆಳೆದು ಕೊನೆಗದ್ದೆಯವನು ಪೂರಾ ಕೆಡುವುದು ತಪ್ಪುತ್ತಿತ್ತು.

ಅದರ ಗುಣವೂ ದೋಷವೂ

ಹಿಂದಣ ಏರ್ಪಾಡನ್ನು ಹೊಗಳುವವರು ಅದರ ದೋಷವನ್ನು ಮರೆಯಲಾಗದು. ಚಾವಡಿಯಲ್ಲಿ ಮಾತನಾಡುವ ಅಧಿಕಾರವು ಊರಿನ ಕೆಲವು ಮನೆತನಗಳಿಗೆ ಮಾತ್ರ ಇದ್ದಿತು. ನೀರನ್ನು ಹಂಚುವ ನೀರುಗಂಟಿ, ಎಲ್ಲೆಯನ್ನು ಬಲ್ಲ ತೋಟಿ ಇವರು ಬಹಳ ಕಡೆಗಳಲ್ಲಿ ಅಸ್ಪೃಶ್ಯರೆನಿಸಿಕೊಂಡ ಜಾತಿಗಳವರಾಗಿದ್ದು, ಚಾವಡಿಯ ಕೆಳಗೆ ನಿಂತು ಅಪ್ಪಣೆಯನ್ನು ಕೇಳಬೇಕಾದವರೇ ಹೊರತು ಮೇಲೆ ಕುಳಿತು ಆಲೋಚನೆ ಹೇಳತಕ್ಕವರಾಗಿರಲಿಲ್ಲ. ಎಲ್ಲರ ಗದ್ದೆಗೂ ನೀರು ಬಿಟ್ಟವನ ಮನೆಯವರಿಗೆ ಊರ ಬಾವಿಯ ನೀರು ಸೇದುವ ಹಕ್ಕು ಇರಲಿಲ್ಲ. ಹೆಂಗಸರು ನಾಟಿ ಹಾಕಿ ಕಳೆ ಕಿತ್ತರೂ ನೀರಿನ ವಿಚಾರದಲ್ಲಿ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಬಿಟ್ಟಿಯ ಕೆಲಸವು ಬಡವರ ಮೇಲೆಯೇ ಹೆಚ್ಚಾಗಿ ಬೀಳುತ್ತಿತ್ತು. ಆದಕಾರಣ, ಆ ಪದ್ಧತಿಯಲ್ಲಿ ಕೆರೆಗೆ ಯಜಮಾನನಿದ್ದನೆಂಬುದು ನಿಜ; ಎಲ್ಲರಿಗೂ ನ್ಯಾಯವಿತ್ತೆಂಬುದು ನಿಜವಲ್ಲ. ಮುಂದೆ ಬಂದ ಬದಲಾವಣೆಗಳನ್ನು ತೂಗುವಾಗ ಈ ಎರಡು ಮಾತುಗಳನ್ನೂ ಜ್ಞಾಪಕದಲ್ಲಿಡತಕ್ಕದ್ದು.

ಕೆರೆಯು ಸರ್ಕಾರದ ಕೈಗೆ ಬಂದುದು

ಮೈಸೂರು ಸಂಸ್ಥಾನವು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಿತು. 1856ರಲ್ಲಿ ಮರಾಮತ್ತು ಇಲಾಖೆಯು ಸ್ಥಾಪಿತವಾಯಿತು. ಮುಖ್ಯ ಇಂಜನಿಯರಾಗಿದ್ದ ಮೇಜರ್ ಸ್ಯಾಂಕಿಯವರು 1866ರಲ್ಲಿ, ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ನೂರಕ್ಕೆ ಸುಮಾರು 60 ಪಾಲು ಕೆರೆಗಳ ಏರ್ಪಾಡಿಗೆ ಒಳಪಟ್ಟಿರುವುದೆಂದೂ, ಹೊಸ ಕೆರೆಗೆ ಸ್ಥಳ ಹುಡುಕುವುದೇ ದುಸ್ತರವೆಂದೂ ಬರೆದರು. ಇಷ್ಟು ದೊಡ್ಡ ಸಂಪತ್ತು ರೈತರ ಕೈಯಿಂದಲೇ ಬೆಳೆದದ್ದು. ಆದರೆ ಅಷ್ಟರಲ್ಲಿ ಹಲವು ಕೆರೆಗಳು ಒಡೆದೋ ಹೂಳು ತುಂಬಿಯೋ ಕೆಟ್ಟಿದ್ದುವು. 1876ರಿಂದ 1878ರವರೆಗಿನ ಮಹಾಕ್ಷಾಮವು ಇದರ ಮೇಲೆ ಬಂದೆರಗಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಇಳಿಯಿತು.

ಆ ಬಳಿಕ ಕೆರೆಗಳ ಜೀರ್ಣೋದ್ಧಾರವು ಸರ್ಕಾರದ ಮುಖ್ಯ ಕಾರ್ಯಗಳಲ್ಲೊಂದಾಯಿತು. ದೊಡ್ಡ ಕೆರೆಗಳು ಮರಾಮತ್ತು ಇಲಾಖೆಗೂ, ಕಡಿಮೆ ಕಂದಾಯದ ಸಣ್ಣ ಕೆರೆಗಳು ಅಮಲ್ದಾರರ ಮುಖಾಂತರ ಕಂದಾಯ ಇಲಾಖೆಗೂ ಸೇರಿದುವು. ಕಲ್ಲುಗಾರೆಯ ಕೆಲಸ ಸರ್ಕಾರದ್ದು, ಮಣ್ಣಿನ ಕೆಲಸ ರೈತರದು ಎಂಬ ವಿಭಾಗವೂ ನೆಲೆಗೊಂಡಿತು. ಏರಿಯ ಕೊರಕಲುಗಳನ್ನು ತುಂಬುವುದು, ಗಿಡಗಂಟಿಗಳನ್ನು ಕಡಿಯುವುದು, ಇಲಿಬಿಲಗಳನ್ನು ಮುಚ್ಚುವುದು, ನೀರು ಬರುವ ಕಾಲುವೆಗಳನ್ನು ತೆಗೆಯುವುದು, ಮಳೆಗಾಲದಲ್ಲಿ ಏರಿಯನ್ನು ಕಾಯುವುದು, ಇವೆಲ್ಲ ರೈತರ ಮಾಮೂಲು ಹೊಣೆಯೆಂದು ಪರಿಗಣಿಸಲ್ಪಟ್ಟುವು.

ಈ ವಿಭಾಗವು ಕಾಗದದಲ್ಲಿ ಚೆನ್ನಾಗಿಯೇ ಇತ್ತು. ಆದರೆ ಹಿಂದೆ ಬಿತ್ತುವಟ್ಟದಂತಹ ವರಮಾನವು ಕೆರೆಗೇ ಮೀಸಲಾಗಿದ್ದಿತು. ಈಗ ತರಿಯ ಕಂದಾಯವೆಲ್ಲ ಖಜಾನೆಗೆ ಹೋಗಿ ಹೊಣೆ ಮಾತ್ರ ಊರಿನಲ್ಲಿ ಉಳಿಯಿತು. ಕಂದಾಯವನ್ನು ತೆಗೆದುಕೊಂಡವರೇ ಕೆರೆಯನ್ನೂ ನೋಡಿಕೊಳ್ಳಲಿ ಎಂಬ ಭಾವನೆಯು ರೈತರಲ್ಲಿ ಹುಟ್ಟಿದ್ದು ಆಶ್ಚರ್ಯವಲ್ಲ. ಊರು ಸರ್ಕಾರದ ಕಡೆಗೂ ಸರ್ಕಾರವು ಊರಿನ ಕಡೆಗೂ ನೋಡುತ್ತಿರಲಾಗಿ, ನಡುವೆ ಕೆರೆಯು ಹೂಳುತ್ತಾ ಬಂದಿತು.

ಪಂಚಾಯತಿಗಳ ಉದಯ

ಸ್ಥಳೀಯ ಸ್ವಯಮಾಡಳಿತದ ವಿಚಾರವು ಬ್ರಿಟಿಷ್ ಇಂಡಿಯಾದಲ್ಲಿ ಲಾರ್ಡ್ ರಿಪ್ಪನ್ನರ 1882ರ ನಿರ್ಣಯದಿಂದ ಪ್ರಾಬಲ್ಯಕ್ಕೆ ಬಂದಿತು. ಅದಕ್ಕೆ ಒಂದು ವರ್ಷ ಮೊದಲೇ, 1881ರಲ್ಲಿ, ಮೈಸೂರಿನ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಜಮೀನುದಾರರೂ ವರ್ತಕರೂ ಸೇರಿ 144 ಮಂದಿ ಅದರ ಮೊದಲನೆಯ ಅಧಿವೇಶನಕ್ಕೆ ಬಂದರು. ಸ್ಥಳೀಯ ಬೋರ್ಡುಗಳ ರೆಗ್ಯುಲೇಷನ್ನು 1902ರಲ್ಲಿ ಹೊರಟಿತು. 1911ರಲ್ಲಿ ಕೆರೆ ಪಂಚಾಯತಿಗಳಿಗಾಗಿಯೇ ಒಂದು ರೆಗ್ಯುಲೇಷನ್ನು ಬಂದು, ಕೆರೆಯ ಕೆಳಗಿನ ಹಿಡುವಳಿದಾರರ ಪಂಚಾಯತಿಗೇ ಅದರ ಪಾಲನೆಯನ್ನು ವಹಿಸುವ ಪ್ರಯತ್ನ ನಡೆಯಿತು. ಸರ್. ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಗ್ರಾಮಾಭ್ಯುದಯದ ಏರ್ಪಾಡು ಆರಂಭವಾಗಿ, ಗ್ರಾಮಸಮಿತಿಗಳು ಊರವರ ಸಾಮೂಹಿಕ ದುಡಿಮೆಯಿಂದ ಬಾವಿ, ದಾರಿ, ನೈರ್ಮಲ್ಯ ಮೊದಲಾದ ಕೆಲಸಗಳನ್ನು ಕೈಗೊಂಡುವು. 1918ರ ಮತ್ತು 1926ರ ರೆಗ್ಯುಲೇಷನ್ನುಗಳು ಗ್ರಾಮ ಪಂಚಾಯತಿಗೆ ಶಾಸನಬದ್ಧವಾದ ರೂಪವನ್ನು ಕೊಟ್ಟುವು.

1911ರ ಕೆರೆ ಪಂಚಾಯತಿಯು ವಿಶೇಷವಾಗಿ ಬೇರೂರಲಿಲ್ಲ. ಊರವರು ತಾವಾಗಿ ಬೇಡಿದ್ದಲ್ಲದೆ ಮೇಲಿನಿಂದ ಬಂದ ಸಂಸ್ಥೆಯು, ಅದಕ್ಕೆ ಸ್ವಂತ ವರಮಾನವಿಲ್ಲದಿದ್ದರೆ, ಇಲಾಖೆಯ ಇನ್ನೊಂದು ದಫ್ತರವಾಗಿ ಉಳಿಯುವುದೇ ಸಹಜ. ಈ ಪಾಠವು ಮುಂದಿನ ಕಾಲಕ್ಕೂ ಅನ್ವಯಿಸತಕ್ಕದ್ದಾಗಿದೆ.

ಸ್ವಾತಂತ್ರ್ಯಾನಂತರದ ಮಾರ್ಪಾಡು

1950ರಲ್ಲಿ ಜಾರಿಗೆ ಬಂದ ರಾಜ್ಯಾಂಗದ 40ನೆಯ ಅನುಚ್ಛೇದವು ಗ್ರಾಮ ಪಂಚಾಯತಿಗಳನ್ನು ಸಂಘಟಿಸಬೇಕೆಂದು ನಿರ್ದೇಶಿಸಿತು. 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಪಂಚಾಯತಿ ಕಾನೂನು ಇದ್ದಿತು. 1959ರ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಏರ್ಪಾಡನ್ನು ತಂದು, ಗ್ರಾಮ ಪಂಚಾಯತಿ, ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಮೆಟ್ಟಿಲುಗಳನ್ನು ಕಟ್ಟಿತು.

ಇದಕ್ಕಿಂತಲೂ ಗಾಢವಾದ ಬದಲಾವಣೆಯು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಆಯಿತು. 1963ರಲ್ಲಿ ಜಾರಿಗೆ ಬಂದ ಈ ಕಾಯಿದೆಯ ಮೇರೆಗೆ ವಂಶಪಾರಂಪರ್ಯವಾದ ಗ್ರಾಮ ಹುದ್ದೆಗಳೆಲ್ಲ ಕೊನೆಗಂಡುವು. ಶ್ಯಾನುಭೋಗರ ಸ್ಥಾನಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆಗೆ ಸೇರಿದ ಇನಾಮು ಭೂಮಿಯು ಸರ್ಕಾರಕ್ಕೆ ಸೇರಿ, ನಿಯಮಾನುಸಾರ ಹಿಂದಿನ ಹುದ್ದೆದಾರರಿಗೇ ಮರುಮಂಜೂರಾಗತಕ್ಕದ್ದೆಂದು ಗೊತ್ತಾಯಿತು. ಹುಟ್ಟಿನಿಂದ ಅಧಿಕಾರ ಬರುವುದೆಂಬ ನಿಯಮವು ಹೋದದ್ದು ನ್ಯಾಯವೇ ಸರಿ. ತೋಟಿ, ತಳವಾರರ ಮನೆತನದವರಿಗೆ ಅದು ಬಿಡುಗಡೆಯೂ ಆಯಿತು. ಆದರೆ ಹುದ್ದೆಯ ಸಂಗಡ ಹುದ್ದೆಯ ಕೆಲಸವೂ ಹೋಯಿತೆಂಬುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಲೆಕ್ಕ ಬರೆಯಲು ಹೊಸಬರು ಬಂದರು. ತೂಬನ್ನು ಎತ್ತಿ ಇಳಿಸಲು ಮಾತ್ರ ಯಾರೂ ನೇಮಕವಾಗಲಿಲ್ಲ. ಕೆಲವು ಊರುಗಳಲ್ಲಿ ನೀರುಗಂಟಿಯು ಹಳೆಯ ವಾಡಿಕೆಯ ಮೇಲೆ ಮುಂದುವರಿದನು. ಬಹಳ ಊರುಗಳಲ್ಲಿ ಬಲವಿದ್ದವನೇ ನೀರುಗಂಟಿಯಾದನು.

1983ರ ಕಾಯಿದೆಯ ಮೇರೆಗೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಏರ್ಪಟ್ಟುವು. ಆಗ ಪಂಚಾಯತಿ ಶಾಖೆಯ ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಇದಕ್ಕಾಗಿ ಬಹಳವಾಗಿ ಶ್ರಮಿಸಿದರು. ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದುವು. ಅನಂತರ ರಾಜ್ಯಾಂಗದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಪಂಚಾಯತಿಯು ಸರ್ಕಾರದ ಅನುಗ್ರಹದಿಂದ ನಡೆಯುವ ಸಂಸ್ಥೆಯಾಗಿರದೆ ರಾಜ್ಯಾಂಗದ ಅಂಗವೇ ಆಯಿತು. ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯತಿಯೂ, ಪ್ರತಿ 400 ಜನಕ್ಕೆ ಒಬ್ಬ ಸದಸ್ಯನೂ ಇರತಕ್ಕದ್ದೆಂದು ಗೊತ್ತಾಯಿತು. ಪರಿಶಿಷ್ಟ ಜಾತಿ ವರ್ಗಗಳಿಗೂ ಹಿಂದುಳಿದವರಿಗೂ ಸ್ಥಾನಗಳು ಮೀಸಲಾದುವು. ಮಹಿಳೆಯರ ಪಾಲು ಮೊದಲು ಮೂರನೆಯ ಒಂದಂಶವಾಗಿದ್ದು, 2010ರಲ್ಲಿ ಅರ್ಧಕ್ಕೆ ಏರಿತು.

ರಾಜ್ಯಾಂಗದ 11ನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಮೊದಲನೆಯದು ವ್ಯವಸಾಯ, ಎರಡನೆಯದು ಭೂಮಿಯ ಸುಧಾರಣೆಯೂ ಮಣ್ಣಿನ ರಕ್ಷಣೆಯೂ, ಮೂರನೆಯದು ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನದ ಅಭಿವೃದ್ಧಿ. ಈ ಮೂರೂ ಕೂಡುವ ಸ್ಥಳವೇ ಕೆರೆ. ಹಿಂದೆ ಚಾವಡಿಯ ಕೆಳಗೆ ನಿಂತಿದ್ದವರ ಮೊಮ್ಮಕ್ಕಳು ಈಗ ಅಧ್ಯಕ್ಷಸ್ಥಾನದಲ್ಲಿ ಕುಳಿತಿರುವ ಗ್ರಾಮಗಳು ಅನೇಕವಾಗಿವೆ. ಹೀಗೆ ನ್ಯಾಯದ ಅಂಶವು ಬಹುಮಟ್ಟಿಗೆ ಸರಿಹೋಗುತ್ತಾ ಬಂದಿದೆ. ಕೆರೆಗೆ ಯಜಮಾನರು ಯಾರೆಂಬ ಅಂಶವು ಮಾತ್ರ ಬಗೆಹರಿಯಬೇಕಾಗಿದೆ.

ಕೆರೆಯು ಅನಾಥವಾದ ಬಗೆ

ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿರುವುದಾಗಿ ಲೆಕ್ಕ. ಇವುಗಳಲ್ಲಿ 40 ಹೆಕ್ಟೇರು, ಅಂದರೆ ಸುಮಾರು 100 ಎಕರೆಯವರೆಗಿನ ಅಚ್ಚುಕಟ್ಟುಳ್ಳವು ಜಿಲ್ಲಾ ಪಂಚಾಯತಿಯ ಪಾಲಿಗೂ, ಅದಕ್ಕೆ ಮೇಲ್ಪಟ್ಟು 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಯ ಪಾಲಿಗೂ ಹಂಚಲ್ಪಟ್ಟುವು. ಹೀಗಿರಲಾಗಿ ಏರಿಯ ಬುಡದಲ್ಲೇ ಇರುವ ಗ್ರಾಮ ಪಂಚಾಯತಿಗೆ ಕೆರೆಯ ಮೇಲೆ ಸ್ಪಷ್ಟವಾದ ಅಧಿಕಾರವು ಅನೇಕ ಕಡೆ ಇಲ್ಲದೆ ಹೋಯಿತು. ಕೆರೆಯ ಅಂಗಳವು ಕಂದಾಯ ಇಲಾಖೆಯ ದಫ್ತರದಲ್ಲಿ, ಮೀನಿನ ಹರಾಜು ಮತ್ತೊಂದು ಕಡೆಯಲ್ಲಿ, ಏರಿಯ ಮೇಲಣ ಮರಗಳು ಇನ್ನೊಂದು ಇಲಾಖೆಯಲ್ಲಿ ಎಂಬಂತೆ ಒಂದೇ ಕೆರೆಗೆ ಹಲವು ಒಡೆಯರಾದರು.

ಎರಡನೆಯ ಕಾರಣ ಕೊಳವೆಬಾವಿ. ಸ್ವಂತ ಬಾವಿಯುಳ್ಳ ಜಮೀನುದಾರನಿಗೆ ಕೆರೆಯ ತೂಬಿನ ಚಿಂತೆ ಇಲ್ಲದಾಯಿತು. ಊರಿನಲ್ಲಿ ಮಾತು ನಡೆಯುವ ಮನೆಗಳವರೇ ಮೊದಲು ಬಾವಿ ಕೊರೆಯಿಸಿದವರಾದ್ದರಿಂದ, ಕೆರೆಯ ವಿಚಾರವು ಮಾತು ನಡೆಯದವರ ವಿಚಾರವಾಗಿ ಉಳಿಯಿತು. ಆದರೆ ಬಾವಿಯ ನೀರಿಗೂ ಕೆರೆಯೇ ಮೂಲವೆಂಬುದನ್ನು, ಕೆರೆ ಬತ್ತಿದ ಕೆಲವು ವರ್ಷಗಳಲ್ಲಿ ಕೊಳವೆಗಳು ಒಂದೊಂದಾಗಿ ನಿಂತಾಗ ಎಲ್ಲರೂ ಕಂಡರು.

ಮೂರನೆಯದು ಒತ್ತುವರಿ. ಕೆರೆ ತುಂಬದೆ ಹತ್ತು ವರ್ಷ ಕಳೆದರೆ ಅಂಗಳದ ಅಂಚಿನಲ್ಲಿ ಬೇಸಾಯ ಆರಂಭವಾಗುತ್ತದೆ. ಬೇಸಾಯವಾದ ಮೇಲೆ ಕೆರೆ ತುಂಬುವುದು ಆ ಬೇಸಾಯಗಾರನಿಗೆ ನಷ್ಟವಾಗುತ್ತದೆ. ಇತ್ತ ನೀರು ತರುವ ಕಾಲುವೆಯು ಉತ್ತ ಹೊಲಗಳೊಳಗೆ ಸೇರಿ ಮಾಯವಾಗುತ್ತದೆ. ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಪಂಜಾಬಿನ ಒಂದು ಗ್ರಾಮದ ಕೊಳದ ಮೊಕದ್ದಮೆಯಲ್ಲಿ, ಊರಿನ ಸಾರ್ವಜನಿಕ ಭೂಮಿಯ ಒತ್ತುವರಿಗಳನ್ನು ತೆರವುಗೊಳಿಸಲು ಎಲ್ಲ ರಾಜ್ಯಗಳೂ ಏರ್ಪಾಡು ಮಾಡತಕ್ಕದ್ದೆಂದು ಆಜ್ಞಾಪಿಸಿತು.

ಊರವರಿಗೆ ಕೆರೆಯನ್ನು ಮರಳಿ ಒಪ್ಪಿಸುವ ಪ್ರಯತ್ನಗಳೂ ನಡೆದಿವೆ. 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿಯಾಗಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶವಾಯಿತು. 2002ರಿಂದ ವಿಶ್ವಬ್ಯಾಂಕಿನ ನೆರವಿನೊಡನೆ ಜಲಸಂವರ್ಧನೆ ಯೋಜನಾ ಸಂಘದ ಮುಖಾಂತರ ಕೆರೆ ಬಳಕೆದಾರರ ಸಂಘಗಳು ಏರ್ಪಟ್ಟು, ರೈತರು ತಮ್ಮ ಪಾಲಿನ ವಂತಿಗೆಯನ್ನು ಕೊಟ್ಟು ಕೆರೆಗಳನ್ನು ಸರಿಪಡಿಸಿಕೊಂಡರು. ಇಂತಹ ಸಂಘಗಳ ಮುಂದೆ ಇರುವ ನಿಜವಾದ ಪರೀಕ್ಷೆಯು ಹಣ ಬರುವಾಗಿನದಲ್ಲ, ಹಣ ನಿಂತ ಮೇಲಿನದು. ದುರಸ್ತಿಯು ಒಂದು ಸಲದ ಕೆಲಸ. ಪಾಲನೆಯು ಪ್ರತಿವರ್ಷದ ಕೆಲಸ.

ಹೂಳಿನ ಲೆಕ್ಕ

ಪಾಲನೆ ತಪ್ಪಿದರೆ ಆಗುವ ನಷ್ಟವನ್ನು ಅಂಕಿಗಳಲ್ಲಿ ತಿಳಿಯುವುದು ಒಳ್ಳೆಯದು. ಒಂದು ಎಕರೆ ವಿಸ್ತೀರ್ಣದ ಮೇಲೆ ಒಂದು ಅಡಿ ಆಳ ನಿಲ್ಲುವ ನೀರಿಗೆ ಎಕರೆ ಅಡಿ ಎಂದು ಹೆಸರು. ಅದು 43,560 ಘನ ಅಡಿ. ಬತ್ತದ ಬೆಳೆಗೆ ಒಟ್ಟಿನ ಮೇಲೆ ಸುಮಾರು 4 ಅಡಿ ನೀರು ಬೇಕೆಂದು ಇಟ್ಟುಕೊಂಡರೆ, ಪ್ರತಿ 4 ಎಕರೆ ಅಡಿ ಹೂಳು ಒಂದು ಎಕರೆ ಬತ್ತವನ್ನು ನುಂಗುತ್ತದೆ.

ಒಂದು ಕೆರೆಯಲ್ಲಿ ತೂಬಿನ ಹೊಸ್ತಿಲಿಗಿಂತ ಮೇಲಿನ ಮಟ್ಟದಲ್ಲಿ 10 ಎಕರೆಯಷ್ಟು ಅಂಗಳದ ಮೇಲೆ 2 ಅಡಿ ಹೂಳು ನಿಂತಿದೆಯೆಂದು ಭಾವಿಸಿದರೆ, ಒಟ್ಟು ಹೂಳು 20 ಎಕರೆ ಅಡಿ. ನಷ್ಟವಾದುದು ಒಂದೊಂದು ತುಂಬಿಗೆ 5 ಎಕರೆ ಬತ್ತ. ಅದೇ ನೀರನ್ನು ರಾಗಿಗೆ ಉಪಯೋಗಿಸಿದ್ದರೆ ಇದರ ಸುಮಾರು ಮೂರರಷ್ಟು ಭೂಮಿ ಬೆಳೆಯುತ್ತಿತ್ತು. ಆ ಹೂಳನ್ನು ತೆಗೆಯಬೇಕಾದರೆ 8,71,200 ಘನ ಅಡಿ ಮಣ್ಣು. ಒಂದು ಟ್ರ್ಯಾಕ್ಟರ್ ಗಾಡಿಗೆ 100 ಘನ ಅಡಿಯಂತೆ 8,700 ಗಾಡಿಗಳಿಗೆ ಮೇಲಾಗುತ್ತದೆ. ಒಬ್ಬನಿಂದ ಇದು ಎಂದಿಗೂ ಆಗತಕ್ಕ ಕೆಲಸವಲ್ಲ. ಆದರೆ 100 ಮನೆಗಳ ಊರು ಇದನ್ನು ಮೂರು ಬೇಸಗೆಗಳಿಗೆ ಹಂಚಿಕೊಂಡರೆ ಮನೆಯೊಂದಕ್ಕೆ ವರ್ಷಕ್ಕೆ 29 ಗಾಡಿ ಮಾತ್ರ. ಆ ಮಣ್ಣು ಹೊಲಕ್ಕೆ ಗೊಬ್ಬರವಾಗಿಯೂ ಆಗುತ್ತದೆ. ಊರು ಒಂದಾಗಿರುವುದಕ್ಕೂ ಒಂದಾಗಿಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಈ ಲೆಕ್ಕಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಊರವರು ಮಾಡತಕ್ಕ ಕಾರ್ಯಗಳು

1. ಮೊದಲು ಕೆರೆಯ ದಾಖಲೆಯನ್ನು ತಿಳಿಯಬೇಕು. ಸರ್ವೆ ನಂಬರು, ವಿಸ್ತೀರ್ಣ, ಅಚ್ಚುಕಟ್ಟು, ಯಾವ ಇಲಾಖೆಯ ಪಟ್ಟಿಯಲ್ಲಿದೆ ಎಂಬಿವನ್ನು ಗೊತ್ತುಮಾಡಿಕೊಂಡು, ಅಳತೆಗೆ ಅರ್ಜಿ ಕೊಟ್ಟು, ಎಲ್ಲೆಗೆ ಕಲ್ಲು ನೆಡಿಸಿ ಕಂದಕ ತೋಡಿಸಬೇಕು. ಒತ್ತುವರಿ ಇದ್ದಲ್ಲಿ 1964ರ ಭೂ ಕಂದಾಯ ಕಾಯಿದೆಯ ಮೇರೆಗೆ ತೆರವು ಮಾಡಿಸಲು ತಹಸೀಲ್ದಾರರಿಗೆ ಬರೆಯಬೇಕು. ಒತ್ತುವರಿದಾರರಲ್ಲಿ ದೊಡ್ಡ ಹಿಡುವಳಿಯವರೇ ಇದ್ದಲ್ಲಿ ಅವರೇ ಮೊದಲು ಬಿಟ್ಟುಕೊಡುವುದು ಮರ್ಯಾದೆ. ಬಡವನ ಗುಂಟೆಯನ್ನು ಬಿಡಿಸಿ ದೊಡ್ಡವರ ಎಕರೆಯನ್ನು ಉಳಿಸಿದರೆ ಊರು ಮತ್ತೆ ಒಂದಾಗದು.

2. ಗ್ರಾಮಸಭೆಯು 6 ತಿಂಗಳಿಗೆ ಒಮ್ಮೆಯಾದರೂ ಸೇರತಕ್ಕದ್ದೆಂದು ಕಾಯಿದೆಯಲ್ಲಿದೆ. ಕೆರೆಯ ವಿಚಾರವನ್ನು ಅದರ ಮುಂದಿಟ್ಟು, ನಿರ್ಣಯ ಬರೆಯಿಸಿ, ಬಳಕೆದಾರರ ಸಮಿತಿಯನ್ನು ನೇಮಿಸಬೇಕು. ಅಚ್ಚುಕಟ್ಟಿನವರು ಮಾತ್ರವಲ್ಲದೆ ದನಕರುಗಳುಳ್ಳವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಭೂಮಿಯಿಲ್ಲದವರು, ಹೆಂಗಸರು ಇವರೆಲ್ಲರಿಗೂ ಅದರಲ್ಲಿ ಸ್ಥಾನವಿರಬೇಕು. ಕೊನೆಗದ್ದೆಯವರಲ್ಲಿ ಒಬ್ಬರಾದರೂ ಇರಲೇಬೇಕು.

3. ನೀರುಗಂಟಿಯನ್ನು ನೇಮಿಸಬೇಕು. ಈ ಕೆಲಸವು ಇಂಥ ಜಾತಿಯವರದೇ ಎಂಬ ಹಳೆಯ ಭಾವನೆಯನ್ನು ಬಿಟ್ಟು, ಯೋಗ್ಯರಾದ ಯಾರನ್ನಾದರೂ ನೇಮಿಸಬಹುದು. ಅವನ ಸಂಬಳವು ಎಕರೆಗೆ ಇಂತಿಷ್ಟೆಂದು ಎಲ್ಲರಿಂದಲೂ ಬರತಕ್ಕದ್ದು. ಕೆರೆಯ ಕೆಳಗೆ ಕೊಳವೆಬಾವಿಯುಳ್ಳವರೂ ತಮ್ಮ ಪಾಲನ್ನು ಕೊಡತಕ್ಕದ್ದು. ನೇಮಕವಾದ ಮೇಲೆ ಬೇರೆ ಯಾರೂ ತೂಬನ್ನು ಮುಟ್ಟಲಾಗದು.

4. ಮುಂಗಾರಿಗೆ ಮೊದಲು ಕಾಲುವೆಗಳನ್ನು ತೆಗೆದು, ಏರಿಯ ಕೊರಕಲುಗಳನ್ನು ತುಂಬಿ, ಬಿಲಗಳನ್ನು ಮುಚ್ಚಿ, ತೂಬನ್ನು ಪರೀಕ್ಷಿಸಬೇಕು. ಏರಿಯ ಮೇಲೆ ದೊಡ್ಡ ಮರಗಳನ್ನು ಬೆಳೆಯಗೊಡಬಾರದು. ಬೇರು ಕೊಳೆತ ಹಾದಿಯಲ್ಲಿ ನೀರು ಜಿನುಗುತ್ತದೆ. ಬಯಲುಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ದೊಡ್ಡ ಮಳೆ ಬರುವುದರಿಂದ, ಆಗ ಸರದಿಯಂತೆ ರಾತ್ರಿ ಕಾವಲನ್ನು ಏರ್ಪಡಿಸಿ ಮಣ್ಣಿನ ಚೀಲಗಳನ್ನು ಸಿದ್ಧವಾಗಿಡಬೇಕು.

5. ಹೆಚ್ಚು ನೀರು ನಿಲ್ಲಲೆಂದು ಕೋಡಿಯನ್ನು ಕಲ್ಲಿನಿಂದಲೋ ಚೀಲಗಳಿಂದಲೋ ಎತ್ತರಿಸಕೂಡದು. ಅಂಗಳದ ಬೇಸಾಯ ಉಳಿಯಲೆಂದು ಕೋಡಿಯನ್ನು ಒಡೆಯಲೂ ಕೂಡದು. ಮೊದಲನೆಯದರಿಂದ ನೀರು ಏರಿಯ ಮೇಲೆ ಹರಿದು ಕೆರೆ ಒಡೆಯುವ ಭಯವಿದೆ. ಒಂದು ಕೆರೆ ಒಡೆದರೆ ಅದರ ಕೋಡಿಯ ನೀರನ್ನು ಪಡೆಯುವ ಕೆಳಗಿನ ಕೆರೆಗಳಿಗೂ ಅಪಾಯ.

6. ಹೂಳು ತೆಗೆಯುವಾಗ ಏರಿಯ ಬುಡವನ್ನು ಅಗೆಯಕೂಡದು. ಸಾಕಷ್ಟು ದೂರ ಬಿಟ್ಟು, ಅಲ್ಲಲ್ಲಿ ಆಳವಾದ ಗುಂಡಿಗಳಾಗದಂತೆ ಸಮನಾಗಿ ತೆಗೆಯಬೇಕು. ತೂಬಿನ ಹೊಸ್ತಿಲಿಗಿಂತ ಕೆಳಗೆ ನಿಂತ ನೀರು ಗದ್ದೆಗೆ ಹರಿಯದು. ದನಕರುಗಳಿಗೂ ಅಂತರ್ಜಲಕ್ಕೂ ಮಾತ್ರ ಅದರಿಂದ ಉಪಯೋಗ.

7. ಕೆರೆಗೆ ನೀರು ಬಂದ ಮೇಲೆ, ಸಸಿಮಡಿ ಹಾಕುವುದಕ್ಕೆ ಮುಂಚೆ, ಒಂದು ದಿನ ಎಲ್ಲರೂ ಕೂಡಿ ನೀರಿನ ಮಟ್ಟವನ್ನು ನೋಡಿ ಎಷ್ಟು ಎಕರೆ, ಯಾವ ಬೆಳೆ ಎಂಬುದನ್ನು ತೀರ್ಮಾನಿಸಬೇಕು. ಅರ್ಧ ಕೆರೆಯ ನೀರಿಗೆ ಪೂರ್ತಿ ಬತ್ತವನ್ನು ನಾಟಿ ಮಾಡಿದರೆ ಕೊನೆಗದ್ದೆಯು ತೆನೆಯ ಹೊತ್ತಿಗೆ ಒಣಗುತ್ತದೆ; ವರ್ಷದ ವ್ಯಾಜ್ಯವೂ ಅಲ್ಲಿಯೇ ಹುಟ್ಟುತ್ತದೆ.

8. ಸಮಿತಿಗೆ ಬರುವ ವಂತಿಗೆಯ ಮತ್ತು ಇತರ ವರಮಾನದ ಲೆಕ್ಕವನ್ನು ಬರೆದಿಟ್ಟು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು. ಕೆರೆಯಿಂದ ಬಂದ ಹಣವು ಕೆರೆಗೇ ವೆಚ್ಚವಾಗಬೇಕೆಂಬುದು ಹಿಂದಿನವರ ಬಿತ್ತುವಟ್ಟದ ಸಾರವಾಗಿತ್ತು.

ಸಮಾಪ್ತಿ

ಹಿಂದಣ ಪಟೇಲನಿಗೆ ಹುದ್ದೆಯಿಂದಲೇ ಮಾತು ನಡೆಯುತ್ತಿತ್ತು. ಇಂದಿನ ಪಂಚಾಯತಿಯ ಅಧ್ಯಕ್ಷರಿಗೂ ಸದಸ್ಯರಿಗೂ ಜನರ ಮತದಿಂದ ಮಾತ್ರ ಅಧಿಕಾರ ಬರುತ್ತದೆ. ಆ ಅಧಿಕಾರಕ್ಕೆ ಐದು ವರ್ಷದ ಮಿತಿಯೂ ಇದೆ. ಆದರೆ ಏರಿಯು ಐದು ವರ್ಷಕ್ಕೊಮ್ಮೆ ಕಾಯಲ್ಪಟ್ಟರೆ ನಿಲ್ಲತಕ್ಕದ್ದಲ್ಲ. ಊರಿನಲ್ಲಿ ಹಿರಿತನವುಳ್ಳ ಜಮೀನುದಾರರು ಚುನಾಯಿತ ಪಂಚಾಯತಿಯನ್ನು ತಮ್ಮ ಪ್ರತಿಕಕ್ಷಿಯೆಂದೆಣಿಸದೆ, ಅಲ್ಲಿ ಕುಳಿತಿರುವವರು ಯಾವ ಕೇರಿಯವರೇ ಆಗಲಿ, ಹೆಣ್ಣಾಗಲಿ ಗಂಡಾಗಲಿ, ಅವರ ತೀರ್ಮಾನಕ್ಕೆ ತಾವೇ ಮೊದಲು ನಡೆದು ತೋರಿಸಿದಲ್ಲಿ ಉಳಿದವರು ತಾವಾಗಿಯೇ ನಡೆಯುವರು. ಪಂಚಾಯತಿಯವರೂ ಹಿರಿಯ ಬೇಸಾಯಗಾರರ ಅನುಭವವನ್ನೂ ಹಳೆಯ ನೀರುಗಂಟಿಗಳ ತಿಳಿವಳಿಕೆಯನ್ನೂ ಅಲಕ್ಷ್ಯ ಮಾಡದೆ ಕೇಳಿಕೊಳ್ಳತಕ್ಕದ್ದು. ಹಿಂದಿನ ಕಾಲದ ಜವಾಬ್ದಾರಿಯೂ ಇಂದಿನ ಕಾಲದ ಸಮಾನತೆಯೂ ಒಂದೇ ಏರಿಯ ಮೇಲೆ ಕೂಡಿದರೆ, ತೂಬಿನ ನೀರು ಕೊನೆಯ ಗದ್ದೆಯನ್ನು ಮುಟ್ಟುವುದರಲ್ಲಿ ಸಂದೇಹವಿಲ್ಲ. ಮುಂಬರುವ ಮುಂಗಾರಿಗೆ ಮೊದಲು ಪ್ರತಿಯೊಂದು ಗ್ರಾಮದ ಮುಖ್ಯಸ್ಥರೂ ಒಂದು ಸಲ ಏರಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿ, ಕಂಡುದನ್ನು ಗ್ರಾಮಸಭೆಗೆ ತಿಳಿಸುವುದು ಈ ಕಾರ್ಯದ ಮೊದಲ ಹೆಜ್ಜೆಯಾಗಿರುತ್ತದೆ.